ಏಳು ಗಂಟೆಯ ಕಾಲರು

ಊರಿನವರೆಲ್ಲ ಸಂಜೆ ಏಳಕ್ಕೆ ವಾರ್ತೆ ಕೇಳುತ್ತಿದ್ದರು. ಗರಿಗರಿಯಣ್ಣ ಒಬ್ಬ ಮಾತ್ರ ವಾರ್ತೆ ನೋಡುತ್ತಿದ್ದ. ಅದೂ ಪೂರ್ತಿ ಪರದೆಯನ್ನಲ್ಲ, ಅಂಗೈಯಗಲದ ಒಂದು ಜಾಗವನ್ನು. ವಾರ್ತೆ ಓದುವವರ ಗದ್ದದಿಂದ ಕೆಳಗೆ, ಮೇಜಿನ ಅಂಚಿನಿಂದ ಮೇಲೆ. ಅಲ್ಲೊಂದು ಕಾಲರು, ಅದಕ್ಕೆರಡು ಮೂಲೆ, ಕೆಳಗೆ ಮೂರು ಗುಂಡಿ. ಆ ಅಂಗಿಗೆ ಇಸ್ತ್ರಿ ತಿಕ್ಕಿದವನು ಅವನೇ. ಹತ್ತೊಂಬತ್ತು ವರ್ಷದಿಂದ ಅವನೇ.

"ಸುದ್ದಿ ಏನಂತೆ?" ಎಂದು ಒಳಗಿನಿಂದ ಹೆಂಡತಿ ಕೇಳಿದರೆ, "ಎಡಗಡೆ ಮೂಲೆ ಒಂಚೂರು ಎದ್ದಿದೆ" ಅನ್ನುತ್ತಿದ್ದ. ಸರ್ಕಾರ ಬಿದ್ದ ದಿನ, "ತಿಳಿನೀಲಿ. ಚೆನ್ನಾಗಿ ಕೂತಿದೆ" ಅಂದಿದ್ದ. ಮಾರನೆಯ ದಿನ ಅಂಗಡಿಗೆ ಬಂದವರೊಬ್ಬರು ಸರ್ಕಾರದ ಮಾತೆತ್ತಿದಾಗ, "ಬಿತ್ತಾ? ಯಾವಾಗ?" ಎಂದು ಕೇಳಿ ನಗೆಪಾಟಲಾಗಿದ್ದ.

ಅವನ ಅಂಗಡಿ ಬೀದಿಗೆ ಬಾಯಿ ತೆರೆದ ಒಂದೇ ಕೋಣೆ. ಅದರ ಮೇಲೆ ಎರಡು ಕೋಣೆಯ ಮನೆ. ಅಂಗಡಿಯಲ್ಲಿ ಒಂದು ಉದ್ದನೆಯ ಮೇಜು, ಮೇಜಿನ ಮೇಲೆ ಮಡಿಸಿ ಹಾಸಿದ ಹಳೇ ಕಂಬಳಿ, ಕಂಬಳಿಯ ಮೇಲೆ ಬಿಳಿಯ ಚಾದರ. ಚಾದರದ ತುಂಬ ದೋಣಿಯಾಕಾರದ ಕಂದು ಗುರುತುಗಳು. ಗೋಡೆಯುದ್ದಕ್ಕೂ ಗೂಡುಗಳು, ಒಂದೊಂದು ಮನೆಗೆ ಒಂದೊಂದು. ಬಟ್ಟೆ ಕೊಡಲು ಬಂದವರನ್ನು ಅವನು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಗರಿಗರಿನೋ, ಮೆದುವೋ?" ಹೆಸರು ಅಲ್ಲಿಂದಲೇ ಬಂದು ಅಂಟಿಕೊಂಡಿತು. ಅವನ ಸ್ವಂತ ಹೆಸರು ಈಗ ಹೆಂಡತಿಗೆ ಬಿಟ್ಟರೆ ಯಾರಿಗೂ ನೆನಪಿರಲಿಲ್ಲ, ಆಕೆಯೂ ಅದನ್ನು ಬಳಸುತ್ತಿರಲಿಲ್ಲ.

ಬಟ್ಟೆಯಿಂದ ಮನುಷ್ಯರನ್ನು ಬಲ್ಲವನು ಅವನು. ಯಾರ ಸೊಂಟ ಎರಡು ಬೆರಳು ಬೆಳೆಯಿತು, ಯಾರಿಗೆ ಹೊಸ ಕೆಲಸ ಸಿಕ್ಕಿತು, ಯಾವ ಮನೆಯಲ್ಲಿ ಗಂಡ ಹೆಂಡಿರು ಮಾತು ಬಿಟ್ಟು ಗಂಟನ್ನೂ ಬೇರೆ ಬೇರೆ ಕಟ್ಟಿ ಕಳಿಸುತ್ತಿದ್ದಾರೆ, ಎಲ್ಲ ಗೊತ್ತು. ಆದರೆ ಅದನ್ನೆಲ್ಲ ಬಾಯಿ ಬಿಟ್ಟು ಹೇಳಿದವನಲ್ಲ. ಅವನ ಹೆಮ್ಮೆಯೆಲ್ಲ ಎದುರು ಕಟ್ಟಡದ ಎರಡನೇ ಮಹಡಿಯಲ್ಲಿತ್ತು. ವಾರ್ತೆ ಓದುವವರು ಇದ್ದದ್ದು ಅಲ್ಲಿ. ಅವರದು ದೊಡ್ಡ ಚಾನೆಲ್ಲೇನಲ್ಲ, ಕೋಟು ತೊಡುವ ಪದ್ಧತಿ ಇರಲಿಲ್ಲ, ಬರೀ ಅಂಗಿ. ಹಾಗಾಗಿ ಗರಿಗರಿಯಣ್ಣನ ಕೈಕೆಲಸ ದಿನಾ ಅರ್ಧ ಗಂಟೆ ಊರಿನ ಕಣ್ಣೆದುರಿಗೆ ಇರುತ್ತಿತ್ತು.

ಹೀಗಿರುವಾಗ ಕಾಯಿಲೆ ಬಂತು, ಕಾಯಿಲೆಯ ಹಿಂದೆಯೇ ಬಾಗಿಲು ಹಾಕುವ ಆಜ್ಞೆಯೂ ಬಂತು.

ಅಂಗಡಿಯ ಶಟರು ಎಳೆದ ದಿನ ಅವನು ಗೂಡುಗಳಲ್ಲಿದ್ದ ಬಟ್ಟೆಯನ್ನೆಲ್ಲ ಅವರವರ ಮನೆಗೆ ಮುಟ್ಟಿಸಿ, ಖಾಲಿ ಗೂಡುಗಳನ್ನು ಒಮ್ಮೆ ನೋಡಿ, ಇಸ್ತ್ರಿ ಪೆಟ್ಟಿಗೆಯನ್ನು ಎದೆಗವಚಿಕೊಂಡು ಮಹಡಿ ಹತ್ತಿದ. "ಅದನ್ನ ಯಾಕ್ರೀ ಎತ್ಕೊಂಡ್ ಬಂದ್ರಿ?" ಅಂದಳು ಹೆಂಡತಿ. "ಕೆಳಗೆ ಅದೊಂದೇ ಇರಬೇಕಲ್ಲ" ಅಂದ.

ಯಾವ ಯಾವ ಅಂಗಡಿ ತೆರೆಯಬಹುದು ಎಂಬ ಪಟ್ಟಿಯನ್ನು ಪ್ರತಿ ಸಂಜೆ ಏಳಕ್ಕೆ ಓದುತ್ತಿದ್ದರು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಅವನಿಗೆ ವಾರ್ತೆ ಕೇಳುವ ಜರೂರು ಬಿತ್ತು. ಔಷಧಿ, ಹಾಲು, ತರಕಾರಿ, ಅಡುಗೆ ಅನಿಲ. ಕೆಲವು ದಿನದ ಮೇಲೆ ಕನ್ನಡಕ ರಿಪೇರಿ. ಆಮೇಲೆ ಪಂಕ್ಚರು. "ಪಂಕ್ಚರ್ ಹಾಕೋದಂತೆ! ಓಡಾಡಬಾರದು ಅಂದಮೇಲೆ ಪಂಕ್ಚರ್ ಎಲ್ಲಿಂದ ಆಗುತ್ತೆ?" ಎಂದು ಅವನು ಗೊಣಗಿದರೆ, ಮಗಳು ಪುಸ್ತಕದಿಂದ ತಲೆಯೆತ್ತದೆ, "ಇಸ್ತ್ರಿನೂ ಹಾಗೇ ಅಲ್ವಾಪ್ಪ? ಎಲ್ಲಿಗೂ ಹೋಗಬಾರದು ಅಂದಮೇಲೆ ಇಸ್ತ್ರಿ ಯಾಕೆ?" ಅನ್ನುತ್ತಿದ್ದಳು. ಕಾಲೇಜು ಮುಚ್ಚಿ, ಫೋನಿನಲ್ಲೇ ಪಾಠ ಕೇಳುತ್ತಿದ್ದ ಹುಡುಗಿ. ಮಾತು ಹರಿತ. ತಾಯಿಯ ಕಡೆಯದು.

ವಾರ್ತೆಯವರು ಈಗ ಮನೆಯಿಂದಲೇ ಓದತೊಡಗಿದ್ದರು. ಹಿಂದೊಂದು ಪುಸ್ತಕದ ಕಪಾಟು, ಮುಂದೊಂದು ಮೇಜು, ನಡುವೆ ಅವರು. ಟಿವಿಯಲ್ಲಿ ಅವರು ನಮಸ್ಕಾರ ಅನ್ನುವಾಗ ಎದುರು ಕಿಟಕಿಯ ಪರದೆಯ ಹಿಂದೆ ದೀಪ ಉರಿಯುತ್ತಿರುವುದು ಕಾಣುತ್ತಿತ್ತು. ತಂಗಿಯನ್ನು ನೋಡಲು ಬೇರೆ ಊರಿಗೆ ಹೋದ ಅವರ ಹೆಂಡತಿ ಅಲ್ಲೇ ಸಿಕ್ಕಿಬಿದ್ದಿದ್ದರು. ಮನೆಯಲ್ಲಿ ಅವರೊಬ್ಬರೇ. ಬೀರುವಿನಲ್ಲಿ ತಿಕ್ಕಿದ ಅಂಗಿ ಆರೇ ಆರು ಉಳಿದಿವೆ ಎಂಬುದು ಗರಿಗರಿಯಣ್ಣನಿಗೆ ನೆನಪಿತ್ತು, ಅವರಿಗೇ ನೆನಪಿತ್ತೋ ಇಲ್ಲವೋ.

ತಿಳಿಹಳದಿ ಹೋಯಿತು. ಸಣ್ಣ ಚೌಕುಳಿಯದು ಹೋಯಿತು. ಬಿಳಿ, ಬೂದು, ಇನ್ನೊಂದು ಬಿಳಿ. ಆರನೆಯ ದಿನ ತಿಳಿನೀಲಿ.

ಏಳನೆಯ ಸಂಜೆ ಗರಿಗರಿಯಣ್ಣ ಕುರ್ಚಿಯಿಂದ ಧಡಕ್ಕನೆ ಎದ್ದು, "ಅಯ್ಯಯ್ಯೋ!" ಎಂದು ಹಣೆ ಹಿಡಿದುಕೊಂಡ.

ಹೆಂಡತಿ ಕೈಯಲ್ಲಿದ್ದ ಸೌಟಿನ ಸಮೇತ ಓಡಿ ಬಂದಳು. "ಏನಾಯ್ತು? ಯಾರು ಹೋದ್ರು?"

"ಕಾಲರು!"

"ಕಾಲರಾ? ಹೊಸದಾಗಿ ಅದೂ ಬಂತಾ?"

"ನೋಡೇ ಅಲ್ಲಿ!"

ಪರದೆಯ ಮೇಲೆ ವಾರ್ತೆಯವರು ಎಂದಿನ ಗಂಭೀರ ದನಿಯಲ್ಲಿ ಅಂಕಿಗಳನ್ನು ಓದುತ್ತಿದ್ದರು. ಕೊರಳ ಸುತ್ತ ಇದ್ದದ್ದು ಕಾಲರೇ, ಆದರೆ ಒಂದು ಮೂಲೆ ಆಕಾಶ ನೋಡುತ್ತಿತ್ತು, ಇನ್ನೊಂದು ನಾಚಿಕೊಂಡು ಒಳಗೆ ಮಡಚಿಕೊಂಡಿತ್ತು. ಎದೆಯ ಮೇಲೆ ಸುಕ್ಕುಗಳು ಊರಿನ ನಕ್ಷೆಯಂತೆ ಹರಡಿದ್ದವು. ಹೆಂಡತಿ ಒಂದು ಕ್ಷಣ ನೋಡಿ, ಸೌಟನ್ನು ಅವನ ಮೂಗಿನ ಮುಂದೆ ಆಡಿಸಿ, "ನನ್ನ ಎದೆ ಹೊಡ್ಕೊಳ್ಳೋ ಹಾಗೆ ಮಾಡಿದ್ರಲ್ರೀ" ಎಂದು ಒಳಗೆ ಹೋದಳು.

ಆ ರಾತ್ರಿಯ ಊಟ ಅವನ ಗಂಟಲಲ್ಲಿ ಇಳಿಯಲಿಲ್ಲ. ಬೆಳಿಗ್ಗೆ ಫೋನು ಮಾಡಿದ.

"ಸಾರ್, ಬಾಲ್ಕನಿಯಿಂದ ಹಗ್ಗ ಕಟ್ಟಿ ಅಂಗಿಗಳನ್ನ ಇಳಿಬಿಡಿ. ಮನೇಲೇ ತಿಕ್ಕಿ ಮತ್ತೆ ಹಗ್ಗಕ್ಕೇ ಕಟ್ತೀನಿ. ನಾನು ನಿಮ್ಮನ್ನ ಮುಟ್ಟಲ್ಲ, ನೀವು ನನ್ನ ಮುಟ್ಟಲ್ಲ."

"ಆಗಲ್ಲ ಅಣ್ಣಾ. ಮನೆಯಿಂದ ಮನೆಗೆ ಬಟ್ಟೆಬರೆ ಕೊಡಬೇಡಿ ಅಂತ ನಿನ್ನೆ ಓದಿದೋನು ನಾನೇ. ಓದಿದೋನಿಗೇ ಹಗ್ಗ ಇಳಿಬಿಡು ಅಂತೀರಲ್ಲ."

"ಹಾಗೆ ಓದಿದ್ರಾ?"

"ಕೇಳಲಿಲ್ವಾ?"

"ಕಾಲರು ನೋಡ್ತಿದ್ದೆ ಸಾರ್."

ವಾರ್ತೆಯವರು ಸಣ್ಣ ದನಿಯಲ್ಲಿ ಕೇಳಿದರು: "ಅಷ್ಟು ಕೆಟ್ಟದಾಗಿತ್ತಾ?"

"ಊಟ ಸೇರಲಿಲ್ಲ ಸಾರ್. ನಿಮ್ಮನೇಲಿ ಇಸ್ತ್ರಿ ಪೆಟ್ಟಿಗೆ ಇದೆಯಾ?"

"ಇದೆ. ಯಾವ ಕಡೆ ಹಿಡ್ಕೋಬೇಕು ಅನ್ನೋದಷ್ಟೇ ಗೊತ್ತು."

"ಅಷ್ಟು ಗೊತ್ತಿದ್ರೆ ಸಾಕು. ಸಂಜೆ ನಾಲ್ಕಕ್ಕೆ ಬಾಲ್ಕನಿಗೆ ಮೇಜು ತನ್ನಿ."

ಬೀದಿ ಅಂಥ ಅಗಲವೇನಲ್ಲ. ಎರಡು ಕಾರು ಒಂದರ ಪಕ್ಕ ಒಂದು ನಿಂತರೆ ಸೈಕಲ್ಲಿನವನು ಬೈಯುತ್ತಿದ್ದ. ನಾಲ್ಕು ಗಂಟೆಗೆ ಗರಿಗರಿಯಣ್ಣ ಮನೆಯ ಮೇಜನ್ನು ಕಿಟಕಿಗೆ ಒತ್ತಿ ನಿಲ್ಲಿಸಿ, ಕಂಬಳಿ ಹಾಸಿ, ತನ್ನದೇ ಹಳೇ ಅಂಗಿಯೊಂದನ್ನು ಹರಡಿಕೊಂಡು ನಿಂತ. ಎದುರು ಬಾಲ್ಕನಿಯಲ್ಲಿ ವಾರ್ತೆಯವರು ಊಟದ ಮೇಜು ಎಳೆದು ತಂದಿದ್ದರು. ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸದೆ ಕೂರುವ ಮನುಷ್ಯ ಇಸ್ತ್ರಿ ಪೆಟ್ಟಿಗೆಯ ಮುಂದೆ ಪರೀಕ್ಷೆಗೆ ಕೂತ ಹುಡುಗನಂತೆ ಬೆವರುತ್ತಿದ್ದರು.

"ಮೊದಲು ಕಾಲರು ಸಾರ್. ಹಿಂಬದಿ ಮೇಲೆ ಮಾಡಿ ಹಾಕಿ. ಈಗ ಮೂಲೆಯಿಂದ ಒಳಕ್ಕೆ ಬನ್ನಿ. ಒಳಕ್ಕೆ! ಅಯ್ಯೋ, ಹೊರಕ್ಕೆ ತಳ್ಳಬೇಡಿ! ಹೊರಕ್ಕೆ ತಳ್ಳಿದ್ರೆ ಸುಕ್ಕೆಲ್ಲ ಮೂಲೇಲಿ ಬಂದು ಸಭೆ ಸೇರುತ್ತೆ. ಅರ್ಧಕ್ಕೆ ಬಂದು ನಿಲ್ಲಿಸಿ. ಇನ್ನೊಂದು ಮೂಲೆ. ಹಾಂ, ಹಾಗೆ."

ದನಿ ಬೀದಿಯುದ್ದಕ್ಕೂ ಕೇಳಿತು. ಬೇರೆ ಗದ್ದಲವೇ ಇಲ್ಲದ ದಿನಗಳವು. ಚಮಚ ಬಿದ್ದರೂ ಯಾರ ಮನೆಯ ಚಮಚ ಎಂದು ಹೇಳಬಹುದಿತ್ತು. ಒಂದೊಂದಾಗಿ ಕಿಟಕಿಗಳು ತೆರೆದುಕೊಂಡವು. ವಾರ್ತೆಯವರ ಕೆಳಗಿನ ಮನೆಯ ಟೀಚರಮ್ಮ ಇಣುಕಿ ನೋಡಿದರು. ಪಕ್ಕದ ಕಟ್ಟಡದ ನಿವೃತ್ತ ಸ್ಟೇಷನ್ ಮಾಸ್ಟರು ಕುರ್ಚಿ ಸಮೇತ ಹೊರಗೆ ಬಂದರು.

"ತೋಳಿಗೆ ಹೋಗೋಣ್ವಾ?" ಎಂದು ವಾರ್ತೆಯವರು ಕೇಳಿದರೆ ಸ್ಟೇಷನ್ ಮಾಸ್ಟರು ಎದ್ದು ನಿಂತು ಘೋಷಿಸಿದರು: "ದಯವಿಟ್ಟು ಗಮನಿಸಿ! ಕಾಲರಿನಿಂದ ಹೊರಟ ಗಾಡಿ ಹೆಗಲಪಟ್ಟಿ ಮಾರ್ಗವಾಗಿ ಬಲತೋಳಿಗೆ ತಲುಪಲಿದೆ!"

"ನೀವು ಸುಮ್ನಿರಿ ಸಾರ್, ಬಟ್ಟೆ ಸುಡುತ್ತೆ!" ಎಂದು ವಾರ್ತೆಯವರು ಕೂಗುವಷ್ಟರಲ್ಲಿ ಬಟ್ಟೆ ಸುಟ್ಟೇ ಹೋಯಿತು. ತೋಳಿನ ಮೇಲೆ ಚಿಕ್ಕ ಕಂದು ದೋಣಿಯೊಂದು ತೇಲಿತು. ಇಡೀ ಬೀದಿ ನಕ್ಕಿತು. ವಾರವಿಡೀ ಹೀಗೆ ಎಲ್ಲರೂ ಒಟ್ಟಿಗೆ ನಕ್ಕಿರಲಿಲ್ಲ. ನಕ್ಕ ಮೇಲೆ ಎಲ್ಲರಿಗೂ ಅದು ಗೊತ್ತಾಗಿ ಇನ್ನೊಮ್ಮೆ ನಕ್ಕರು.

ಮರುದಿನ ನಾಲ್ಕಕ್ಕೆ ಟೀಚರಮ್ಮನೂ ಮೇಜು ತಂದರು. ಫೋನಿನಲ್ಲಿ ಪಾಠ ಮಾಡುವಾಗ ಮಕ್ಕಳು ತಮ್ಮ ಸುಕ್ಕು ನೋಡಿ ಮುಸಿಮುಸಿ ನಗುತ್ತಾರೆಂದು ಅವರ ದೂರು. ಮೂರನೆಯ ದಿನ ಸ್ಟೇಷನ್ ಮಾಸ್ಟರು ತಮ್ಮ ಹಳೇ ಬಿಳಿ ಸಮವಸ್ತ್ರವನ್ನೇ ಹುಡುಕಿ ತೆಗೆದರು. "ಎಲ್ಲಿಗೆ ಹೋಗ್ತೀರಿ ಇದನ್ನ ಹಾಕ್ಕೊಂಡು?" ಎಂದರೆ, "ಅಡುಗೆ ಮನೆಯಿಂದ ಹಜಾರಕ್ಕೆ. ಸರಿಯಾದ ಸಮಯಕ್ಕೆ" ಅಂದರು. ಎರಡು ವಾರದಲ್ಲಿ ಒಂಬತ್ತು ಕಿಟಕಿಗಳಲ್ಲಿ ಒಂಬತ್ತು ಮೇಜು. ನೀರು ಚಿಮುಕಿಸುವ ಸದ್ದು, ಬಿಸಿ ಬಟ್ಟೆಯ ವಾಸನೆ, ನಡುನಡುವೆ "ಅಯ್ಯೋ" ಎಂಬ ಒಂದು ಕೂಗು. ಒಬ್ಬೊಬ್ಬರ ಕೂಗೂ ಗರಿಗರಿಯಣ್ಣನಿಗೆ ಪರಿಚಿತವಾಯಿತು.

ಒಂದು ದಿನ ಗಸ್ತಿನ ಪೊಲೀಸಪ್ಪ ಬೀದಿಯ ನಡುವೆ ನಿಂತು ಲಾಠಿ ಎತ್ತಿ ಕೇಳಿದ: "ಏನ್ರೀ ಇದು? ಗುಂಪು ಸೇರಬಾರದು ಅಂತ ಗೊತ್ತಿಲ್ವಾ?"

"ಗುಂಪೆಲ್ಲಿ ಸಾರ್? ಎಲ್ಲ ಅವರವರ ಮನೇಲೇ ಇದೀವಿ" ಅಂದ ಗರಿಗರಿಯಣ್ಣ.

ಪೊಲೀಸಪ್ಪ ಮೇಲಿಂದ ಕೆಳಗೆ, ಈ ಕೊನೆಯಿಂದ ಆ ಕೊನೆಗೆ ನೋಡಿದ. ತಪ್ಪು ಎಲ್ಲಿದೆ ಎಂದು ಹುಡುಕಿ ಸಿಗದೆ, ದನಿ ತಗ್ಗಿಸಿ, "ಪ್ಯಾಂಟಿನ ಗೆರೆ ಒಂದೇ ಬರೋ ಹಾಗೆ ಹೇಗ್ರೀ ಮಾಡೋದು? ನನ್ನದು ಯಾವಾಗಲೂ ಎರಡು ಬರುತ್ತೆ" ಅಂದ.

"ಹಳೇ ಗೆರೆ ಅಳಿಸದೆ ಹೊಸದು ಹಾಕಿದ್ರೆ ಎರಡಾಗುತ್ತೆ ಸಾರ್. ಮೊದಲು ಒದ್ದೆ ಬಟ್ಟೆ ಹಾಸಿ ಹಳೇದನ್ನ ಸಾಯಿಸಿ."

ಪೊಲೀಸಪ್ಪ ಅದನ್ನು ಜೇಬಿನ ಪುಸ್ತಕದಲ್ಲಿ ಬರೆದುಕೊಂಡೇ ಮುಂದೆ ಹೋದ.

ಗರಿಗರಿಯಣ್ಣನ ದಿನಗಳು ಹಗುರಾದವು. ಏಳಕ್ಕೆ ಕಾಲರು ನೋಡಿ ಅಂಕ ಕೊಡುತ್ತಿದ್ದ: ಇವತ್ತು ನೂರಕ್ಕೆ ಐವತ್ತು, ಇವತ್ತು ಅರುವತ್ತು. ಹಾಗೆ ನೋಡುತ್ತ ನೋಡುತ್ತ ಅವನಿಗೆ ಇನ್ನೊಂದು ಗುಟ್ಟೂ ಸಿಕ್ಕಿತ್ತು. ಆ ದಿನ ಸತ್ತವರ ಅಂಕಿಯನ್ನು ಹೇಳುವ ಮೊದಲು ವಾರ್ತೆಯವರ ಗಂಟಲ ಗಂಟು ಒಮ್ಮೆ ಮೇಲೆ ಹೋಗಿ ಕೆಳಗಿಳಿಯುತ್ತಿತ್ತು. ಆಗ ಮೇಲಿನ ಗುಂಡಿ ಅಲುಗುತ್ತಿತ್ತು. ಅಂಕಿ ದೊಡ್ಡದಿದ್ದರೆ ಹೆಚ್ಚು, ಚಿಕ್ಕದಿದ್ದರೆ ಕಡಿಮೆ. ದನಿ ಮಾತ್ರ ಒಂದೇ ಮಟ್ಟದಲ್ಲಿರುತ್ತಿತ್ತು. ಊರಿಗೆ ಕೇಳಿಸುತ್ತಿದ್ದುದು ದನಿ. ಗುಂಡಿ ಕಾಣುತ್ತಿದ್ದುದು ಅವನೊಬ್ಬನಿಗೆ. ಇಡೀ ಊರಿನ ಕಸಿವಿಸಿಯನ್ನೆಲ್ಲ ಗಂಟು ಕಟ್ಟಿ ದಿನಾ ಇವರ ಮೇಜಿನ ಮೇಲೆ ತಂದು ಸುರಿಯುತ್ತಾರೆ. ಇವರು ಒಂದೊಂದನ್ನೇ ಬಿಡಿಸಿ, ಮಡಿಸಿ, ಜನರ ಕೈಗೆ ಕೊಡಬೇಕು. ತನ್ನದೇ ಕಸುಬು ಎಂದು ಅವನಿಗೆ ಅನ್ನಿಸುತ್ತಿತ್ತು, ಸ್ವಲ್ಪ ಭಾರದ್ದು ಅಷ್ಟೆ.

ಪಟ್ಟಿಯಲ್ಲಿ ಮಾತ್ರ ಇಸ್ತ್ರಿ ಬರಲಿಲ್ಲ. ಬೀಗ ರಿಪೇರಿ ಬಂತು. ನಲ್ಲಿ ರಿಪೇರಿ ಬಂತು. ಪುಸ್ತಕದಂಗಡಿ ಬಂದ ದಿನ ಸ್ಟೇಷನ್ ಮಾಸ್ಟರು ಚಪ್ಪಾಳೆ ತಟ್ಟಿದರು. ಗರಿಗರಿಯಣ್ಣ, "ನಾಳೆ ಬರುತ್ತೆ" ಅಂದ. ನಾಳೆಯೂ ಅದನ್ನೇ ಅಂದ.

ಒಂದು ಮಧ್ಯಾಹ್ನ ಹೆಂಡತಿ ಅವನ ಎದುರಿಗೆ ಬಂದು ಕೂತಳು. ಆಕೆ ಕೆಲಸ ಬಿಟ್ಟು ಹಾಗೆ ಕೂತರೆ ವಿಷಯ ದೊಡ್ಡದು ಎಂದರ್ಥ.

"ಒಂದು ಮಾತು ಕೇಳ್ತೀನಿ, ಕೋಪ ಮಾಡ್ಕೋಬೇಡಿ."

"ಹೇಳು."

"ಒಂಬತ್ತು ಮನೆಗೆ ಕಲಿಸಿದ್ದೀರಿ. ನಮ್ಮ ಗೂಡುಗಳು ಎಷ್ಟು?"

"ಹದಿನಾಲ್ಕು."

"ನಾಳೆ ಅಂಗಡಿ ತೆಗೆದಾಗ ಈ ಒಂಬತ್ತು ಮನೆಯವರು ನಮ್ಮ ಹತ್ರ ಯಾಕ್ರೀ ಬರ್ತಾರೆ?"

ಅವನು ಇಸ್ತ್ರಿ ಪೆಟ್ಟಿಗೆಯ ತಳವನ್ನು ಬಟ್ಟೆಯಿಂದ ಒರೆಸುತ್ತ ಕೂತ. ಒರೆಸಿ ಒರೆಸಿ ಅದರಲ್ಲಿ ತನ್ನ ಮುಖ ಕಾಣುವಂತಾದಾಗ, ಮುಖ ಅಷ್ಟೇನೂ ಚೆನ್ನಾಗಿಲ್ಲ ಅನ್ನಿಸಿತು. ಹೆಂಡತಿ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅವನಿಗೆ ಬರುವ ಕೆಲಸ ಇದೊಂದೇ. ಅದನ್ನು ಕಿಟಕಿಯಲ್ಲಿ ನಿಂತು ಬೀದಿಗೆ ಹಂಚಿಬಿಟ್ಟಿದ್ದ.

ಆದರೆ ಒಂದನ್ನು ಇನ್ನೂ ಹಂಚಿರಲಿಲ್ಲ. ಹತ್ತಿಬಟ್ಟೆಗೆ ನೀರು ಚಿಮುಕಿಸಿದ ಕೂಡಲೇ ತಿಕ್ಕಬಾರದು. ಚಿಮುಕಿಸಿ, ಚಾಪೆಯಂತೆ ಬಿಗಿಯಾಗಿ ಸುತ್ತಿ, ಟವೆಲಿನೊಳಗೆ ಇಟ್ಟು ಕಾಲು ಗಂಟೆ ಬಿಡಬೇಕು. ತೇವ ನೂಲುನೂಲಿಗೆ ಇಳಿದ ಮೇಲೆ ತಿಕ್ಕಿದರೆ ಕಾಲರು ಸಂಜೆವರೆಗೂ ತಲೆ ಬಾಗಿಸುವುದಿಲ್ಲ. ಇದನ್ನು ಅವನಿಗೆ ಹೇಳಿಕೊಟ್ಟವರು ಅಪ್ಪ, ಅದೂ ಕಸುಬಿಗೆ ಕೂತು ಮೂರು ವರ್ಷದ ಮೇಲೆ. ಆ ದಿನ ಪಾಠದಲ್ಲಿ ಅದನ್ನು ಹೇಳುವುದೆಂದು ಬೆಳಿಗ್ಗೆಯೇ ಅಂದುಕೊಂಡಿದ್ದ. ನಾಲ್ಕು ಗಂಟೆಗೆ ವಾರ್ತೆಯವರು, "ಅಣ್ಣಾ, ಇಷ್ಟೆಲ್ಲ ತಿಕ್ಕಿದರೂ ಏಳು ಗಂಟೆ ಹೊತ್ತಿಗೆ ಸೋತುಹೋಗುತ್ತಲ್ಲ, ಯಾಕೆ?" ಎಂದು ತಾವಾಗಿಯೇ ಕೇಳಿದರು. ಒಂಬತ್ತು ಕಿಟಕಿಗಳು ಅವನತ್ತ ತಿರುಗಿದವು.

"ಕೈ ಪಳಗಬೇಕು ಸಾರ್" ಅಂದ ಗರಿಗರಿಯಣ್ಣ. ಅಷ್ಟೇ ಅಂದ.

ಹಿಂದೆ ನಿಂತಿದ್ದ ಹೆಂಡತಿ ನಿಟ್ಟುಸಿರು ಬಿಟ್ಟಳು. ಸಮಾಧಾನದ್ದು.

ಏಳಕ್ಕೆ ಟಿವಿ ಹಾಕಿದ. ವಾರ್ತೆ ಶುರುವಾದಾಗ ಕಾಲರು ನೆಟ್ಟಗಿತ್ತು. ಅಂಕಿ ಬರುವ ಹೊತ್ತಿಗೆ ಗುಂಡಿ ಅಲುಗಿತು. ಆ ದಿನ ತುಂಬ ಹೊತ್ತು ಅಲುಗಿತು. ದನಿ ಒಂದೇ ಮಟ್ಟದಲ್ಲಿ ಸಾಗಿತು. ಅಷ್ಟರಲ್ಲಿ ಎಡಗಡೆಯ ಮೂಲೆ ಮೆಲ್ಲಗೆ, ದಣಿದ ಎಲೆಯಂತೆ, ಬಾಗಿಕೊಂಡಿತು. ಆ ಮನುಷ್ಯ ಅಷ್ಟೆಲ್ಲ ಹೊತ್ತುಕೊಂಡು ನೆಟ್ಟಗೆ ಕೂತಿದ್ದಾರೆ. ಕೊರಳ ಬಳಿ ಆಸರೆಗೆ ಒಂದು ಕಾಲರೂ ಇಲ್ಲ. ಗರಿಗರಿಯಣ್ಣ ವಾರ್ತೆ ಮುಗಿಯುವ ಮೊದಲೇ ಟಿವಿ ಆರಿಸಿದ.

"ಯಾಕಪ್ಪ?" ಅಂದಳು ಮಗಳು.

"ನಾಳೆ ಹೇಳಿಕೊಟ್ಟುಬಿಡ್ತೀನಿ."

"ಏನನ್ನ?"

ಅವನು ಹೆಂಡತಿಯ ಕಡೆ ನೋಡಿದ. ಆಕೆ ಅವನ ಕಡೆ ನೋಡಿದಳು. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದವಳಿಗೆ ಅವನ ಮುಖದ ಮಡಿಕೆ ಬಿಡಿಸುವುದು ಗೊತ್ತಿತ್ತು. "ಹೇಳಿಬಿಡಿ, ಹೇಳಿಬಿಡಿ. ಹೊಟ್ಟೆಯಲ್ಲಿಟ್ಟುಕೊಂಡರೆ ನಿಮಗೆ ಊಟ ಸೇರಲ್ಲ. ಮಾಡಿದ ಅಡುಗೆ ದಂಡ" ಅಂದಳು.

ಮರುದಿನ ನಾಲ್ಕಕ್ಕೆ ಅವನು ಶುರು ಮಾಡಿದ್ದೇ ಹೀಗೆ: "ನಿನ್ನೆ ಒಂದು ಮಾತು ಬಚ್ಚಿಟ್ಟಿದ್ದೆ. ನನ್ನದು ತಪ್ಪಾಯ್ತು. ಎಲ್ಲರೂ ಒಂದೊಂದು ಟವೆಲ್ ತನ್ನಿ."

ಯಾರೂ ಯಾಕೆ ಬಚ್ಚಿಟ್ಟೆ ಎಂದು ಕೇಳಲಿಲ್ಲ. ಕಾಲು ಗಂಟೆ ಒಂಬತ್ತು ಕಿಟಕಿಗಳಲ್ಲಿ ಒಂಬತ್ತು ಅಂಗಿಗಳು ಎಳೆಮಕ್ಕಳಂತೆ ಟವೆಲಿನಲ್ಲಿ ಸುತ್ತಿಕೊಂಡು ಮಲಗಿದವು. ಆ ಕಾಲು ಗಂಟೆ ಎಲ್ಲರೂ ಸುಮ್ಮನೆ ಮಾತಾಡಿಕೊಂಡರು. ಟೀಚರಮ್ಮ ಮಕ್ಕಳ ತರಲೆ ಹೇಳಿದರು. ಸ್ಟೇಷನ್ ಮಾಸ್ಟರು, ಗಾಡಿಯೇ ಬಾರದ ನಿಲ್ದಾಣದಲ್ಲಿ ತಾವು ಆರು ತಿಂಗಳು ದಿನಾ ಬಾವುಟ ಹಿಡಿದು ನಿಂತ ಕಥೆ ಹೇಳಿದರು. "ಹಾಗಾದರೆ ನಿಮಗೆ ಇದೆಲ್ಲ ಅಭ್ಯಾಸವೇ" ಅಂದರು ವಾರ್ತೆಯವರು.

ಅಂಗಡಿ ಮುಚ್ಚಿದ ನಲವತ್ತೊಂದನೆಯ ಸಂಜೆ ಬಿಳಿ ಅಂಗಿಯ ಸರದಿ. ಏಳು ಗಂಟೆಗೆ ಪರದೆ ಬೆಳಗಿತು. ಗರಿಗರಿಯಣ್ಣ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ.

ಅದು ಕಾಲರು! ಎರಡು ಮೂಲೆಗಳೂ ಒಂದೇ ಕೋನದಲ್ಲಿ, ರೆಕ್ಕೆ ಮಡಚಿ ಕೂತ ಹಕ್ಕಿಯಂತೆ. ಗುಂಡಿಪಟ್ಟಿಯಲ್ಲಿ ಒಂದು ಅಲೆಯಿಲ್ಲ. ಗುಂಡಿಯ ಸುತ್ತ ಕೂಡ, ಎಲ್ಲರೂ ಸೋಲುವ ಆ ಜಾಗದಲ್ಲಿ ಕೂಡ, ಇಸ್ತ್ರಿಯ ಮೂತಿ ಜಾಣತನದಿಂದ ಸುತ್ತಿ ಬಂದಿತ್ತು. ಹೆಗಲು ಸರಿ. ಎದೆ ಸರಿ. ಅಂಕಿ ಬಂತು, ಗುಂಡಿ ಅಲುಗಿದ್ದೇ ಕಾಣಲಿಲ್ಲ. ಅವನು ಉಸಿರು ಬಿಗಿ ಹಿಡಿದು ಮೂಲೆ ಬಾಗುತ್ತದೋ ಎಂದು ಕಾದ. ಹತ್ತು ನಿಮಿಷ. ಹದಿನೈದು. ಬಾಗಲಿಲ್ಲ. ನೂರಕ್ಕೆ ನೂರು. ಎದೆ ತುಂಬಿ ಬಂತು, ಅದರ ಬೆನ್ನಿಗೇ ಎಲ್ಲೋ ಸಣ್ಣಗೆ ಚುಚ್ಚಿತು. ಇನ್ನು ಇವರಿಗೆ ನಾನು ಬೇಕಿಲ್ಲ.

ಅಷ್ಟರಲ್ಲಿ ಹೊರಗೆ ಸೀಟಿ ಮೊಳಗಿತು. ಸ್ಟೇಷನ್ ಮಾಸ್ಟರದು. ಟೀಚರಮ್ಮನ ಕೂಗು ಕೇಳಿತು. ಎಲ್ಲೆಲ್ಲೋ ಚಪ್ಪಾಳೆ. ಗರಿಗರಿಯಣ್ಣ ಮುಖ ಅರಳಿಸಿ ಹೆಂಡತಿಯತ್ತ ತಿರುಗಿದ. "ನೋಡಿದ್ಯಾ? ಎಲ್ಲರಿಗೂ ಕಾಣಿಸಿದೆ! ನನ್ನ ಶಿಷ್ಯ!"

ಹೆಂಡತಿಯ ಕಣ್ಣಲ್ಲಿ ನೀರು. ಮಗಳು ಅವನ ಭುಜ ಹಿಡಿದು ಅಲ್ಲಾಡಿಸುತ್ತಿದ್ದಳು. "ಅಪ್ಪಾ! ಕೇಳಿಸ್ತಾ?"

"ಏನು?"

"ಏನಾ? ನಾಳೆಯಿಂದ ಅಂಗಡಿ ತೆಗೀಬಹುದಂತೆ! ಪಟ್ಟಿ ಓದಿದ್ರಲ್ಲ, ಮೂರನೇದೇ ನಮ್ಮದು!"

"ಯಾವಾಗ ಓದಿದ್ರು?"

"ಈಗ! ನಿಮ್ಮ ಮುಖದ ಮುಂದೆ!"

ಅವನು ಪರದೆಯತ್ತ ನೋಡಿದ. ವಾರ್ತೆಯವರು ಆಗಲೇ ನಾಳಿನ ಹವಾಮಾನಕ್ಕೆ ಹೋಗಿದ್ದರು. ನಲವತ್ತೊಂದು ದಿನ ಕಣ್ಣಲ್ಲಿ ಕಣ್ಣಿಟ್ಟು ಕಾದ ಒಂದೇ ಒಂದು ಮಾತು. ಅದು ಬಂದಾಗ ಕಣ್ಣು ಮಾತ್ರ ಅಲ್ಲಿತ್ತು. "ಇನ್ನೊಂದು ಸಲ ಹೇಳ್ತಾರಾ?" ಅಂದ, ಮಗುವಿನ ದನಿಯಲ್ಲಿ. ಹೆಂಡತಿ ಅಳುತ್ತಿದ್ದವಳು ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು.

ಮಗಳು ಫೋನು ಮಾಡಿದಳೇನೋ. ವಾರ್ತೆ ಮುಗಿದು ಎರಡು ನಿಮಿಷವಾಗಿರಲಿಲ್ಲ, ಎದುರು ಮನೆಯ ಕಿಟಕಿಯ ಪರದೆ ಸರಿಯಿತು. ವಾರ್ತೆಯವರು ಕೈಯಲ್ಲಿ ಕಾಗದ ಹಿಡಿದು ಬಾಲ್ಕನಿಗೆ ಬಂದು, ನೆಟ್ಟಗೆ ನಿಂತು, ಗಂಟಲು ಸರಿಮಾಡಿಕೊಂಡರು.

"ನಮಸ್ಕಾರ. ಎದುರು ಮನೆಯ ಒಬ್ಬ ವೀಕ್ಷಕರ ಕೋರಿಕೆಯ ಮೇರೆಗೆ ಮುಖ್ಯಾಂಶ ಇನ್ನೊಮ್ಮೆ. ನಾಳೆ ಬೆಳಿಗ್ಗೆ ಎಂಟರಿಂದ ಈ ಕೆಳಗಿನ ಅಂಗಡಿಗಳನ್ನು ತೆರೆಯಬಹುದು. ಒಂದು, ಹೊಲಿಗೆ. ಎರಡು, ಚಪ್ಪಲಿ ರಿಪೇರಿ. ಮೂರು..." ಇಲ್ಲಿ ಅವರು ಕಾಗದದಿಂದ ತಲೆಯೆತ್ತಿದರು. "ಮೂರು, ಬಟ್ಟೆ ಇಸ್ತ್ರಿ."

ಈ ಸಲ ಗರಿಗರಿಯಣ್ಣ ಕಣ್ಣು ಮುಚ್ಚಿಕೊಂಡು ಕೇಳಿದ.

ಬೀದಿಯಲ್ಲಿ ಮತ್ತೆ ಗದ್ದಲವೆದ್ದಿತು. ಸ್ಟೇಷನ್ ಮಾಸ್ಟರು ಹಸಿರು ಟವೆಲನ್ನು ಬಾವುಟದಂತೆ ಬೀಸಿದರು. ವಾರ್ತೆಯವರು ಕೈಮುಗಿದು ಒಳಗೆ ಹೋಗಲು ತಿರುಗಿದರು. ಬಾಲ್ಕನಿಯ ದೀಪ ಅವರ ಬೆನ್ನಿನ ಮೇಲೆ ಬಿತ್ತು.

"ಸಾರ್!" ಎಂದು ಚೀರಿದ ಗರಿಗರಿಯಣ್ಣ.

ಬೆನ್ನು ಉಂಡೆ ಮಾಡಿ ಬಿಸಾಡಿದ ಕಾಗದದಂತಿತ್ತು. ಸುಕ್ಕಿನ ಮೇಲೆ ಸುಕ್ಕು, ನಡುಮಧ್ಯೆ ಅಂಗೈಯಗಲದ ಕಂದು ದೋಣಿ, ಅದರ ಪಕ್ಕಕ್ಕೊಂದು ಮರಿದೋಣಿ. ತೋಳುಗಳ ಹಿಂಭಾಗವನ್ನು ಇಸ್ತ್ರಿ ಕಂಡೇ ಇರಲಿಲ್ಲ. ವಾರ್ತೆಯವರು ಥಟ್ಟನೆ ಮುಂದಕ್ಕೆ ತಿರುಗಿ ಬೆನ್ನನ್ನು ಗೋಡೆಗೆ ಒತ್ತಿದರು.

"ಅಣ್ಣಾ, ಅದೂ... ಕ್ಯಾಮೆರಾಗೆ ಮುಂದಿಂದು ಮಾತ್ರ ತಾನೇ ಕಾಣೋದು..."

"ಎಷ್ಟು ದಿನದಿಂದ ಸಾರ್?"

"ಮೊದಲ ದಿನದಿಂದ. ಬೆನ್ನು ಒಳಗೆ ಹೋಗಿ ತಿಕ್ಕೋತೀನಿ ಅಂತಿದ್ನಲ್ಲ..." ಎಂದು ಒಪ್ಪಿಕೊಂಡು, ಗೋಡೆಗೆ ಬೆನ್ನುಜ್ಜುತ್ತಲೇ ಅಡ್ಡಡ್ಡ ನಡೆದು ಬಾಗಿಲೊಳಗೆ ಮಾಯವಾದರು. ಒಳಗಿನಿಂದ ದನಿ ಮಾತ್ರ ಬಂತು: "ಬೆಳಿಗ್ಗೆ ಎಂಟಕ್ಕೆ ಬರ್ತೀನಿ! ಹನ್ನೊಂದು ಅಂಗಿ!"

ಬೆಳಿಗ್ಗೆ ಏಳೂವರೆಗೇ ಶಟರು ಮೇಲೆ ಹೋಯಿತು. ಗರಿಗರಿಯಣ್ಣ ಗೂಡುಗಳ ಧೂಳು ಒರೆಸಿ, ಕಂಬಳಿ ಕೊಡವಿ, ಚಾದರ ಬಿಗಿದು, ಪೆಟ್ಟಿಗೆ ಬಿಸಿಗಿಟ್ಟ. ಅಂಗಡಿಯ ಮುಂದೆ ಆರಾರು ಅಡಿಗೆ ಸುಣ್ಣದಲ್ಲಿ ಒಂದೊಂದು ಚೌಕ ಬರೆದ. ಬರೆಯುವಾಗ ಎಷ್ಟು ಬರೆಯಲಿ ಎಂದು ಕೈ ತಡೆಯಿತು. ಹೇಗೂ ವಾರ್ತೆಯವರು ಬರುತ್ತಾರೆ. ಎರಡು ಸಾಕು ಎಂದುಕೊಂಡು ಎರಡೇ ಬರೆದ.

ಎಂಟಕ್ಕೆ ಐದು ನಿಮಿಷವಿರುವಾಗ ಮೊದಲ ಚೌಕದಲ್ಲಿ ಟೀಚರಮ್ಮ ನಿಂತಿದ್ದರು, ಕಂಕುಳಲ್ಲಿ ಗಂಟು. ಎರಡನೆಯದರಲ್ಲಿ ವಾರ್ತೆಯವರು. ಮೂರನೆಯವರಾಗಿ ಬಂದ ಸ್ಟೇಷನ್ ಮಾಸ್ಟರಿಗೆ ಚೌಕವಿರಲಿಲ್ಲ. "ಪ್ಲಾಟ್‌ಫಾರಂ ಸಾಲದು ಕಣಯ್ಯಾ!" ಎಂದು ಅವರು ಕೂಗಿದರು. ಅವರ ಹಿಂದೆ ಇನ್ನೂ ಆರು ಮಂದಿ. ಹೆಂಡತಿ ಸುಣ್ಣದ ಡಬ್ಬಿ ಹಿಡಿದು ಬೀದಿಯುದ್ದಕ್ಕೂ ಚೌಕ ಬರೆಯುತ್ತ ಹೋದಳು.

ಗರಿಗರಿಯಣ್ಣ ಟೀಚರಮ್ಮನ ಗಂಟು ಬಿಚ್ಚಿ ನೋಡಿದ. ಐದು ಬಟ್ಟೆ, ಐದಕ್ಕೂ ಮುಂಭಾಗ ಚೆನ್ನ. "ಟೀಚರ್, ನೀವೂನಾ? ಪೂರ್ತಿ ಕಲಿಸಿದ್ನಲ್ಲ!"

"ಕಲಿಸಿದ್ರಿ, ನಾನೂ ಕಲಿತೆ. ಒಂದು ಬಟ್ಟೆ ಪೂರ್ತಿ ಮುಗಿಸೋಕೆ ನನಗೆ ಮುಕ್ಕಾಲು ಗಂಟೆ ಬೇಕು. ನೀವು ನಾಲ್ಕು ನಿಮಿಷದಲ್ಲಿ ಮಾಡ್ತಿದ್ರಿ ಅನ್ನೋದು ಇಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ. ನನ್ನ ಸೊಂಟ ನೋಡಿ, ಹೀಗೇ ನಿಂತುಬಿಟ್ಟಿದೆ."

"ಮಾತು ಆಮೇಲೆ, ಗಾಡಿ ಬಿಡಿ!" ಎಂದರು ಹಿಂದಿನಿಂದ ಸ್ಟೇಷನ್ ಮಾಸ್ಟರು.

ಮಧ್ಯಾಹ್ನದ ಹೊತ್ತಿಗೆ ಹದಿನಾಲ್ಕು ಗೂಡುಗಳೂ ತುಂಬಿ, ಮೇಜಿನ ಕೆಳಗೂ ಗಂಟು ಇಡಬೇಕಾಯಿತು. ಅವನು ಮೊದಲು ತಿಕ್ಕಿದ್ದು ವಾರ್ತೆಯವರ ತಿಳಿನೀಲಿ ಅಂಗಿಯನ್ನು. ತೇವ ಮಾಡಿ, ಸುತ್ತಿಟ್ಟು, ಕಾಲು ಗಂಟೆ ಬಿಟ್ಟು, ಬೆನ್ನಿನಿಂದಲೇ ಶುರು ಮಾಡಿದ. ಆ ಬೆನ್ನಿಗೆ ಅವನು ಕೊಟ್ಟಷ್ಟು ಹೊತ್ತನ್ನು ಯಾವ ಕಾಲರಿಗೂ ಕೊಟ್ಟಿರಲಿಲ್ಲ.

ಸಂಜೆ ಏಳಕ್ಕೆ ದಣಿದು ಬಂದು ಕುರ್ಚಿಯಲ್ಲಿ ಕೂತ. ತಿಳಿನೀಲಿ ಅಂಗಿ ತೊಟ್ಟ ವಾರ್ತೆಯವರು ನಮಸ್ಕಾರ ಅಂದರು. ಗುಂಡಿ ಒಮ್ಮೆ ಸಣ್ಣಗೆ ಅಲುಗಿ ನಿಂತಿತು.

"ಸುದ್ದಿ ಏನಂತೆ?" ಎಂದು ಒಳಗಿನಿಂದ ಹೆಂಡತಿ ಕೇಳಿದಳು.

"ಬೆನ್ನು ಚೆನ್ನಾಗಿ ಬಂದಿದೆ" ಅಂದ.

"ಬೆನ್ನು ಎಲ್ರೀ ಕಾಣುತ್ತೆ ಟಿವಿಯಲ್ಲಿ?"

"ನಿನಗೆ ಕಾಣಲ್ಲ, ಸುಮ್ನಿರು" ಅಂದ ಗರಿಗರಿಯಣ್ಣ, ಕಾಲು ಚಾಚಿಕೊಂಡು.